ಹಳೇ ಪದ್ಮಿನಿ: ಬಾಡಿ ಕೆಟ್ಟದ್ದೋ, ಎಂಜಿನ್ ಕೆಟ್ಟದ್ದೋ?

ಉಡುಪಿ ಕಡೆ ಹಳೇ ಪ್ರೀಮಿಯರ್ ಪದ್ಮಿನಿ ಕಾರು ಹುಡುಕುವವರಿಗೆ ಎರಡು ಥರದ್ದು ಸಿಗಬಹುದು.

ಒಂದು, ಮಲ್ಪೆಯಂಥ ಕಡಲ ಬದಿಯಲ್ಲಿ ಓಡಿದ್ದು. ಕೀ ತಿರುಗಿಸಿದರೆ ಸ್ಟಾರ್ಟ್. ಆದರೆ ಉಪ್ಪುಗಾಳಿ ಸುಮ್ನೆ ಬಿಡುತ್ತದಾ? ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ಬಾಗಿಲಿನ ಕೆಳಗೆ ಆಯಸ್ಕಾಂತ ಅಂಟದಿದ್ದರೆ ಪೇಂಟ್ ಅಡಿಯಲ್ಲಿ ತಗಡಿಲ್ಲ, ತೂತು ಮುಚ್ಚಿದ ಬರೀ ಪುಟ್ಟಿ. ಈ ಕಾರಿಗೆ ಅಡಿಯಲ್ಲಿ ಬೇರೆ ಚಾಸಿ (ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರಬೇಕು. ಟಿಂಕರಿಂಗ್ (ತಗಡು ಕೆಲಸ) ಖರ್ಚು ಎಲ್ಲಿಗೆ ನಿಲ್ಲುತ್ತದೋ ಹೇಳಲಾಗದು.

ಇನ್ನೊಂದು, ಕಾರ್ಕಳ ಕಡೆ ಶೆಡ್ಡಿನಲ್ಲಿ ನಿಂತದ್ದು. ಬಾಡಿ ಗಟ್ಟಿ, ಎಂಜಿನ್ ಜಾಮ್. ಹೆದರಿಕೆ ಆಗುತ್ತದೆ, ಅಲ್ವಾ? ಆದರೆ 1089 ಸಿಸಿಯ ಸರಳ ಎಂಜಿನ್, ಬಿಚ್ಚಿ ಬೋರ್ ಮಾಡಿಸಬಹುದು, ಅಂದರೆ ಸಿಲಿಂಡರ್ ಒಳಗೆ ಕೊರೆದು ಸರಿ ಮಾಡಿಸಬಹುದು. ನಾನಾದರೆ ಇದನ್ನೇ ತಗೊಳ್ಳುತ್ತೇನೆ.

ಯಾವ ಕಾರು ತಗೊಂಡರೂ ಆರ್‌ಸಿ ನೋಡಿ. 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು. ಆಗಿಲ್ಲವಾದರೆ ರೇಟು ಇಳಿಸಿ ಮಾತಾಡಿ.