ಹ್ಯಾಂಗ್ ಆನ್ ಬ್ರೀಡಿಂಗ್ ಬಾಕ್ಸ್: ಮರಿಗೆ ಓಕೆ, ತಾಯಿಗೆ ಖಂಡಿತ ಬೇಡ

ಮೀನಿನ ಟ್ಯಾಂಕ್ ಗಾಜಿಗೆ ಹೊರಗಡೆಯಿಂದ ನೇತು ಹಾಕೋ ಪ್ಲಾಸ್ಟಿಕ್ ಬಾಕ್ಸ್ ಇದು, ಸ್ವೋರ್ಡ್‌ಟೇಲ್ ಮೀನಿನ ಮರಿಗೋಸ್ಕರ ಆನ್‌ಲೈನಲ್ಲಿ ತರಿಸಿದ್ದು. ಏರ್ ಪಂಪ್ ಪೈಪ್ ಸಿಕ್ಸಿದ್ರೆ ಗುಳ್ಳೆ ಜೊತೆ ಟ್ಯಾಂಕ್ ನೀರು ಮೇಲೆ ಬಂದು ಬಾಕ್ಸಿಗೆ ಬೀಳುತ್ತೆ, ಹೆಚ್ಚಾಗಿದ್ದು ಇನ್ನೊಂದು ಕಡೆಯಿಂದ ವಾಪಸ್ ಟ್ಯಾಂಕಿಗೆ. ಒಳಗೆ ಸೀಳು ಸೀಳಾಗಿರೋ ತಟ್ಟೆ, ತಾಯಿ ಮೇಲೆ, ಹುಟ್ಟಿದ ಮರಿ ಜಾರಿ ಕೆಳಗೆ. ಐಡಿಯಾ ಸರಿಯಾಗೇ ಇದೆ, ಯಾಕಂದ್ರೆ ಸ್ವೋರ್ಡ್‌ಟೇಲ್ ಮೊಟ್ಟೆ ಇಡಲ್ಲ, ಸುಮಾರು 4 ವಾರಕ್ಕೊಂದ್ಸಲ ನೇರ ಮರಿನೇ ಹಾಕೋದು, ಆಮೇಲೆ ಅದನ್ನ ತಾನೇ ನುಂಗಕ್ಕೂ ಹೇಸಲ್ಲ.

ಆದ್ರೆ ಮಾರಾಯ್ರೆ, ಇದನ್ನ ಮಾಡಿದೋರು ಬರೀ ಪುಟ್ಟ ಗಪ್ಪಿ ಮೀನು ನೋಡಿದಾರೆ ಅಷ್ಟೇ. ಬೆಳೆದ ಹೆಣ್ಣು ಸ್ವೋರ್ಡ್‌ಟೇಲ್ 10-12 ಸೆಂಟಿಮೀಟರ್ ಆಗುತ್ತೆ, ಹೊಟ್ಟೆ ತುಂಬಿದಾಗ ಇದರೊಳಗೆ ಬಿಟ್ರೆ ತಿರುಗಕ್ಕೇ ಜಾಗ ಇಲ್ಲ, ಮೂತಿ ಗೋಡೆಗೆ ಕುಟ್ಟಿಕೊಂಡು ಕುಟ್ಟಿಕೊಂಡು ಒದ್ದಾಡುತ್ತೆ. ಗಾಬರಿ ಆದ್ರೆ ದಿನ ತುಂಬೋ ಮೊದ್ಲೇ ಹಾಕಿಬಿಡುತ್ತೆ, ಹೊಟ್ಟೆಗೆ ಹಳದಿ ಚೀಲ ಅಂಟಿಕೊಂಡೇ ಇರೋ ಮರಿಗಳು ಈಜಕ್ಕಾಗದೆ ತಳದಲ್ಲಿ ಕುಪ್ಪಳಿಸ್ತಾ ಬಿದ್ದಿರ್ತವೆ, ಅವು ಉಳಿಯೋದು ಕಷ್ಟ. ಮುಚ್ಚಳಕ್ಕೆ ಕ್ಲಿಪ್ಪೂ ಇಲ್ಲ, ಸುಮ್ನೆ ಮೇಲಿಟ್ಟಂಗಿದೆ. ಈ ಮೀನು ಹಾರೋದು ಗೊತ್ತಿರೋರಿಗೆ ಗೊತ್ತು.

ಇನ್ನು ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ಬೇರೆ ಹೇಳ್ಬೇಕಾ? ಪಂಪ್ ನಿಂತ್ರೆ ಬಾಕ್ಸಲ್ಲಿ ನೀರು ಓಡಾಡಲ್ಲ, ಹೀಟರ್ ಇರೋ ಟ್ಯಾಂಕಿನ ಬಿಸಿನೂ ಇಲ್ಲಿಗೆ ಬರಲ್ಲ, ಲೀಟರ್ ಲೆಕ್ಕದ ನೀರು ಬೇಗ ತಣ್ಣಗಾಗುತ್ತೆ. ಬ್ಯಾಟರಿ ಪಂಪ್ ಒಂದು ಪಕ್ಕದಲ್ಲಿರ್ಲೇಬೇಕು.

ಮರಿ ಸಾಕಕ್ಕೆ ಮಾತ್ರ ಬೈಯೋ ಹಾಗಿಲ್ಲ. ತಾಯಿನ ಟ್ಯಾಂಕಲ್ಲೇ ಜಾವಾ ಮಾಸ್, ಹಾರ್ನ್‌ವರ್ಟ್ ಥರದ ನೀರಿನ ಗಿಡ ದಟ್ಟವಾಗಿ ಹಾಕಿ ಬಿಟ್ಟು, ಅದರೊಳಗೆ ಅಡಗಿರೋ ಮರಿಗಳನ್ನ ಲೋಟದಲ್ಲಿ ಎತ್ತಿ ಇದಕ್ಕೆ ಹಾಕಿದ್ರೆ ಆರಾಮು. ಬೇಯಿಸಿದ ಮೊಟ್ಟೆಯ ಹಳದಿ ಚಿಟಿಕೆ, ಇಲ್ಲಾ ಪುಡಿ ಮಾಡಿದ ಮೀನಿನ ಫ್ಲೇಕ್ಸ್ ಹಾಕಿ, ಉಳಿದಿದ್ದನ್ನ ಡ್ರಾಪರಲ್ಲಿ ಎಳೆದ್ರಾಯ್ತು, ಬಿಟ್ರೆ ನೀರು ಕೆಡುತ್ತೆ. ಗುಡ್ಡದಿಂದ ಹರಿದು ಬರೋ ಅಬ್ಬಿ ನೀರು ಬಳಸೋರು ಒಂದು ಗಮನಿಸಿ, ಅದು ಖನಿಜ ಕಡಿಮೆ ಇರೋ ಮೆದು ನೀರು, ಮೆಕ್ಸಿಕೋ-ಹೊಂಡುರಾಸ್ ಕಡೆಯ ಈ ಮೀನಿಗೆ ಸ್ವಲ್ಪ ಗಡಸು ಬೇಕು, ಪಿಎಚ್ 7ರಿಂದ 8. ಟ್ಯಾಂಕ್ ಫಿಲ್ಟರಲ್ಲಿ ಒಂದು ಹಿಡಿ ತೊಳೆದ ಕಪ್ಪೆಚಿಪ್ಪು ಇಟ್ರೆ ಸಾಕು.

ಹೆಣ್ಣಿಗೆ ಒಂದ್ಸಲ ಗಂಡು ಸೇರಿದ್ರೆ ಮುಂದೆ ತಿಂಗಳುಗಟ್ಲೆ ಗಂಡಿಲ್ದೇನೂ ಮರಿ ಬರ್ತಾನೇ ಇರುತ್ತೆ, ಹಾಗಾಗಿ ಈ ಡಬ್ಬಿ ಖಾಲಿ ಕೂರಲ್ಲ. ಐದಕ್ಕೆ ಮೂರು ಕೊಡ್ತೀನಿ. ತಗೊಳೋದಾದ್ರೆ ಇರೋದ್ರಲ್ಲಿ ದೊಡ್ಡ ಸೈಜೇ ತಗೊಳಿ, ಸೀಳಿನ ತಟ್ಟೆನ ಮೊದ್ಲೇ ತೆಗೆದು ಅಟ್ಟಕ್ಕೆ ಹಾಕಿ.