ಐದು ಪವನ್ ಕೊಕ್ಕೆತಾತಿಗೆ ಫೇರ್‌ಮೈನ್ಡ್ ಚಿನ್ನ: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ?

ಸಣ್ಣ ಗಣಿಗಾರರಿಂದ ನ್ಯಾಯದ ಬೆಲೆಗೆ ಕೊಂಡದ್ದೆಂದು ಪ್ರಮಾಣಪತ್ರ ಇರುವ ಫೇರ್‌ಮೈನ್ಡ್ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡಿ, ಬೇರೆ ಅಪರಂಜಿಗೂ ಅದಕ್ಕೂ ಗೆರೆಯಲ್ಲಿ ಏನೇನೂ ವ್ಯತ್ಯಾಸ ಕಾಣದು. ಬಣ್ಣ ಅದೇ, ತೂಕ ಅದೇ, ಕರಗುವುದೂ ಅದೇ 1064 ಡಿಗ್ರಿಗೆ. ಹೆಚ್ಚಿಗೆ ಕೊಡುವ ದುಡ್ಡು ಲೋಹಕ್ಕಲ್ಲ, ಅದನ್ನು ನೆಲದಿಂದ ತೆಗೆದವರ ಪಾಲಿಗೆ ಮತ್ತು ಆ ಪಾಲಿಗೆ ಸಾಕ್ಷಿಯಾಗಿ ಜೊತೆಗೆ ಬರುವ ಕಾಗದಕ್ಕೆ. ಹಾಗಾಗಿ ಕೊಕ್ಕೆತಾತಿಯಂಥ (ಕೆಂಪು ಕಲ್ಲಿನ ಪದಕವಿರುವ ಸರ) ಕೊಡವ ಒಡವೆ ಮಾಡಿಸುವವರು ಕೇಳಬೇಕಾದ್ದು ಎರಡು ಪ್ರಶ್ನೆ. ಆ ಪಾಲು ಗಣಿಯವರಿಗೆ ತಲುಪುತ್ತದೆಯೇ? ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಚಿನ್ನ ಅಕ್ಕಸಾಲಿಯ ಮೂಸೆಗೆ ಬಿದ್ದ ಮೇಲೂ ಆ ಕಾಗದಕ್ಕೆ ಬೆಲೆ ಇರುತ್ತದೆಯೇ? ಮೊದಲನೆಯದರಲ್ಲಿ ಈ ಚಿನ್ನಕ್ಕೆ ಒಳ್ಳೆಯ ಅಂಕ ಕೊಡಬಹುದು. ಎರಡನೆಯದು ಪೂರ್ತಿ ನಿಮ್ಮ ಮತ್ತು ನಿಮ್ಮ ಅಕ್ಕಸಾಲಿಯ ಕೈಯಲ್ಲಿದೆ.

ಜಗತ್ತಿನ ಗಣಿಗಳಿಂದ ಹೊಸದಾಗಿ ಬರುವ ಚಿನ್ನದಲ್ಲಿ ಸುಮಾರು ಐದನೇ ಒಂದು ಪಾಲು ದೊಡ್ಡ ಕಂಪನಿಗಳದ್ದಲ್ಲ. ಗುದ್ದಲಿ, ಬಾಣಲೆ, ಸಣ್ಣ ಗಿರಣಿ ಇಟ್ಟುಕೊಂಡು 70ಕ್ಕೂ ಹೆಚ್ಚು ದೇಶಗಳಲ್ಲಿ ದುಡಿಯುವ ಒಂದು ಕೋಟಿಗೂ ಮಿಕ್ಕಿದ ಜನರದ್ದು. ನಮ್ಮ ಪಕ್ಕದ ವಯನಾಡು, ದೇವಾಲ ಕಡೆಯೂ 1880ರ ಸುಮಾರಿಗೆ ಬ್ರಿಟಿಷ್ ಕಂಪನಿಗಳು ಚಿನ್ನಕ್ಕೆಂದು ಮುಗಿಬಿದ್ದು ಮುಳುಗುವ ಮೊದಲೇ ಕುರುಂಬರು, ಪಣಿಯರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ಇಂಥವರಿಗಾಗಿ ರೂಪಿಸಿದ ಮಾನದಂಡವೇ ಫೇರ್‌ಮೈನ್ಡ್. ಕೊಲಂಬಿಯಾದಲ್ಲಿ ನೆಲೆ ಇರುವ, 2004ರಲ್ಲಿ ಹುಟ್ಟಿದ ಅಲಯನ್ಸ್ ಫಾರ್ ರೆಸ್ಪಾನ್ಸಿಬಲ್ ಮೈನಿಂಗ್ ಅದನ್ನು ನಡೆಸುತ್ತದೆ. ಗಣಿಗಾರರ ಸಂಘ ಕಾನೂನಿನ ಚೌಕಟ್ಟಿನಲ್ಲಿರಬೇಕು, ಮಕ್ಕಳ ದುಡಿಮೆ ಕೂಡದು, ಬಂದೂಕು ಹಿಡಿದ ಗುಂಪುಗಳಿಗೆ ದುಡ್ಡು ಹೋಗಕೂಡದು. ಇದನ್ನು ಹೊರಗಿನ ತಪಾಸಕರು ಬಂದು ನೋಡುತ್ತಾರೆ. ಖರೀದಿದಾರ ಲಂಡನ್ ಚಿನ್ನದ ಮಾರುಕಟ್ಟೆಯ ದರದ ಕನಿಷ್ಠ ನೂರಕ್ಕೆ 95 ಕೊಡಬೇಕು, ಅದರ ಮೇಲೆ ಕಿಲೋಗೆ 4,000 ಡಾಲರ್ ಪ್ರೀಮಿಯಂ. ಆ ಪ್ರೀಮಿಯಂ ಗಣಿಗಾರರ ಸಂಘಕ್ಕೆ ಹೋಗುತ್ತದೆ, ಹೇಗೆ ಖರ್ಚು ಮಾಡಬೇಕೆಂದು ಅವರೇ ತೀರ್ಮಾನಿಸುತ್ತಾರೆ. 2015ರಿಂದ ನೊಬೆಲ್ ಶಾಂತಿ ಪದಕ ತಯಾರಾಗುತ್ತಿರುವುದು ಇದೇ ಚಿನ್ನದಲ್ಲಿ.

ತೋಟಗಳಿಗೆ ಸರ್ಟಿಫಿಕೇಟ್ ಕೊಡುವ ರೇನ್‌ಫಾರೆಸ್ಟ್ ಅಲಯನ್ಸ್‌ನ ತಪಾಸಣೆಗೆಂದು ತೋಟದ ರಿಜಿಸ್ಟರ್ ಬರೆದಿಟ್ಟ ಕಾಫಿ ಬೆಳೆಗಾರರಿಗೆ ಇದ್ಯಾವುದೂ ಹೊಸದಲ್ಲ. ಇದರ ದೊಡ್ಡ ಕೊರತೆಯೂ ಅವರಿಗೆ ತಟ್ಟನೆ ಹೊಳೆಯುತ್ತದೆ. ಐದೆಕರೆಯವನು ಒಬ್ಬನೇ ಸರ್ಟಿಫಿಕೇಟಿಗೆ ಹೊರಟರೆ ಬಂದ ಲಾಭವೆಲ್ಲ ಶುಲ್ಕಕ್ಕೇ ಸರಿಹೋಗುತ್ತದಲ್ಲ, ಅಲ್ಲೂ ಹಾಗೆಯೇ. ಸಂಘ ಕಟ್ಟಿಕೊಂಡು, ಲೆಕ್ಕ ಇಡಲು ಜನ ಇರುವ ಗಣಿಗಳು ಮಾತ್ರ ಒಳಗೆ ಬಂದಿವೆ, ಹೆಚ್ಚಿನವು ಪೆರು, ಕೊಲಂಬಿಯಾದಲ್ಲಿ. ಪೆರುವಿನಲ್ಲಿ ಗಣಿ ಬಾಯಿಯ ಹೊರಗೆ ಸುರಿದ ಕಲ್ಲುರಾಶಿಯಿಂದ ಅದಿರು ಹೆಕ್ಕುವ ಹೆಂಗಸರಿದ್ದಾರೆ, ಪಾಯಕೇರಾ ಎಂದು ಅವರನ್ನು ಕರೆಯುತ್ತಾರೆ. ನಮ್ಮ ತೋಟಗಳಲ್ಲಿ ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರು ಕಾಫಿ ಹೆಕ್ಕುವವರ ಹಾಗೆ, ಲೆಕ್ಕದ ಪುಸ್ತಕದಲ್ಲಿ ಸುಲಭಕ್ಕೆ ಕಾಣಿಸದ ಕೈಗಳು. ಒಂದು ಗಣಿಯ ಬಗ್ಗೆ ವಿಚಾರಿಸುವಾಗ ಈ ಹೆಂಗಸರು ಸಂಘದ ಲೆಕ್ಕದೊಳಗೆ ಇದ್ದಾರೆಯೇ ಎಂದು ಮೊದಲು ಕೇಳಿ. ನ್ಯಾಯದ ಮಾತು ಎಷ್ಟು ಗಟ್ಟಿ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈ ಮುದ್ರೆಗೆ ನಿಜವಾದ ತೂಕ ಬರುವುದು ಪಾದರಸದ ವಿಷಯದಲ್ಲಿ. ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ದೊಡ್ಡ ಪಾಲು, ವಿಶ್ವಸಂಸ್ಥೆಯ 2018ರ ವರದಿಯಂತೆ ನೂರಕ್ಕೆ ಸುಮಾರು 38, ಸಣ್ಣ ಚಿನ್ನದ ಗಣಿಗಳದ್ದು. ಅದಿರನ್ನೆಲ್ಲ ಗಿರಣಿಗೆ ಹಾಕಿ ಪಾದರಸ ಸುರಿದು ಅರೆದರೆ 1 ಗ್ರಾಂ ಚಿನ್ನಕ್ಕೆ 3 ಗ್ರಾಂನಿಂದ ಹಿಡಿದು 50 ಗ್ರಾಂ ತನಕ ಪಾದರಸ ಕೆಸರಿನೊಂದಿಗೆ ಹೊಳೆಗೆ ಹೋಗುತ್ತದೆ. ಮೊದಲು ನೀರಿನಲ್ಲಿ ಜಾಲಿಸಿ, ಭಾರದ ಕಪ್ಪು ಮರಳನ್ನಷ್ಟೇ ಉಳಿಸಿಕೊಂಡು ಅದಕ್ಕೆ ಮಾತ್ರ ಪಾದರಸ ಬೆರೆಸಿದರೆ ಖರ್ಚು ಎಷ್ಟೋ ಪಾಲು ಇಳಿಯುತ್ತದೆ. ಆಮೇಲೆ ಸಿಗುವುದು ಬೆಣ್ಣೆಯಂತೆ ಮೆತ್ತಗಿನ ಬೆಳ್ಳಗಿನ ಉಂಡೆ, ಹೆಚ್ಚುಕಡಿಮೆ ಅರ್ಧ ಚಿನ್ನ, ಅರ್ಧ ಪಾದರಸ. ಅದನ್ನು ತೆರೆದ ಒಲೆಯ ಮೇಲೆ ಸುಟ್ಟರೆ ಪಾದರಸವೆಲ್ಲ ಹಬೆಯಾಗಿ ಸುಡುವವನ ಮೂಗಿಗೆ, ಪಕ್ಕದಲ್ಲಿ ಆಡುವ ಮಗುವಿನ ಮೂಗಿಗೆ.

ಇದಕ್ಕೆ ಮದ್ದು ರಿಟಾರ್ಟ್ ಎಂಬ ಸರಳ ಪಾತ್ರೆ. ಹಿಡಿಯಷ್ಟು ದೊಡ್ಡ ಕಬ್ಬಿಣದ ಬಟ್ಟಲು, ಬಿಗಿಯಾದ ಮುಚ್ಚಳ, ಮುಚ್ಚಳದಿಂದ ಕೆಳಮುಖವಾಗಿ ಬಾಗಿದ ಕೊಳವೆ, ಕೊಳವೆಯ ಸುತ್ತ ತಣ್ಣೀರು. 357 ಡಿಗ್ರಿಗೆ ಪಾದರಸ ಕುದಿಯುತ್ತದೆ, ಹಬೆ ಕೊಳವೆಯಲ್ಲಿ ತಣಿದು ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಬೀಳುತ್ತದೆ. ಚೆನ್ನಾಗಿ ಕೂರಿಸಿದ ರಿಟಾರ್ಟ್ ನೂರಕ್ಕೆ 90ಕ್ಕಿಂತ ಹೆಚ್ಚು ಪಾದರಸವನ್ನು ಹಿಡಿದು ಕೊಡುತ್ತದೆ. ಕೆಡುವುದು ಮೂರು ಕಡೆ. ಮುಚ್ಚಳದ ಅಂಚಿಗೆ ಜೇಡಿ ಮೆತ್ತದಿದ್ದರೆ ಹಬೆ ಅಲ್ಲಿಂದಲೇ ಸೋರುತ್ತದೆ. ಕೊಳವೆಯ ತುದಿಯನ್ನು ನೀರಿನೊಳಗೆ ಮುಳುಗಿಸಿ ಬಿಟ್ಟರೆ ಬೆಂಕಿ ಇಳಿದಾಗ ಒಳಗೆ ಒತ್ತಡ ಕುಸಿದು ನೀರು ಕಾದ ಬಟ್ಟಲಿಗೆ ನುಗ್ಗುತ್ತದೆ, ಬಟ್ಟಲು ಸಿಡಿಯಲೂಬಹುದು. ಚಿನ್ನ ನೋಡುವ ಆತುರಕ್ಕೆ ಬಿಸಿ ಇರುವಾಗಲೇ ಮುಚ್ಚಳ ತೆಗೆದರೆ ಉಳಿದ ಹಬೆ ನೇರವಾಗಿ ಮುಖಕ್ಕೆ. ಇಷ್ಟಾದರೂ ಕೊನೆಗೆ ಸಿಗುವ ಸ್ಪಂಜಿನಂಥ ಚಿನ್ನದೊಳಗೆ ಸ್ವಲ್ಪ ಪಾದರಸ ಅಡಗಿಯೇ ಇರುತ್ತದೆ. ಅದನ್ನು ಕೊಂಡು ಕರಗಿಸುವ ಪೇಟೆಯ ಚಿನ್ನದಂಗಡಿಯಲ್ಲಿ ಅದು ಹೊರಬೀಳುತ್ತದೆ. ರಿಟಾರ್ಟ್ ಇದೆ ಎಂದಮಾತ್ರಕ್ಕೆ ಚಿನ್ನ ಸ್ವಚ್ಛ ಎನ್ನುವ ಮಾತನ್ನು ಒಪ್ಪಬೇಡಿ, ಕರಗಿಸುವ ಕಡೆ ಹೊಗೆ ಹಿಡಿಯುವ ವ್ಯವಸ್ಥೆ ಏನಿದೆ ಎಂದೂ ಕೇಳಿ.

ಅದಿರಿಗೆ ನೇರ ಪಾದರಸ ಸುರಿಯುವುದು, ತೆರೆದ ಬೆಂಕಿಯಲ್ಲಿ ಸುಡುವುದು, ಮನೆಗಳ ನಡುವೆ ಸುಡುವುದು, ಪಾದರಸ ತಾಗಿದ ಕೆಸರಿಗೆ ಅದನ್ನು ತೆಗೆಯದೆ ಸಯನೈಡ್ ಹಾಕುವುದು, ಈ ನಾಲ್ಕನ್ನೂ ಇಲ್ಲವಾಗಿಸಬೇಕೆಂದು 2017ರಲ್ಲಿ ಜಾರಿಗೆ ಬಂದ, ಪಾದರಸದ ಕುರಿತ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದವೇ ಹೇಳುತ್ತದೆ. ಫೇರ್‌ಮೈನ್ಡ್‌ನ ಸಾಮಾನ್ಯ ಮುದ್ರೆ ಪಾದರಸವನ್ನು ಹದ್ದುಬಸ್ತಿನಲ್ಲಿಡುತ್ತದೆ, ನಿಷೇಧಿಸುವುದಿಲ್ಲ. ಪಾದರಸವೂ ಸಯನೈಡೂ ಬೇಡ ಎನ್ನುವವರು ಇಕಲಾಜಿಕಲ್ ಎಂಬ ಮೇಲಿನ ದರ್ಜೆ ಕೇಳಬೇಕು, ಅದರ ಪ್ರೀಮಿಯಂ ಕಿಲೋಗೆ 6,000 ಡಾಲರ್. ಪಾದರಸವಿಲ್ಲದೆ ಸಾಧ್ಯವೇ ಎಂಬ ಸಂಶಯ ಬೇಡ. ಫಿಲಿಪ್ಪೀನ್ಸ್‌ನ ಬೆಂಗೆಟ್ ಕಡೆ ದಶಕಗಳಿಂದ ಕಪ್ಪು ಮರಳಿಗೆ ಬಿಳಿಗಾರ ಬೆರೆಸಿ ಕರಗಿಸುತ್ತಾರೆ. ನಮ್ಮ ಅಕ್ಕಸಾಲಿಗಳ ಡಬ್ಬಿಯಲ್ಲಿ ಸದಾ ಇರುವ ಅದೇ ಬಿಳಿಗಾರ. ಜೊತೆಗಿರುವ ಖನಿಜಗಳು ಬೇಗ ಕರಗಿ ಗಾಜಿನ ಕಿಟ್ಟವಾಗಿ ಮೇಲೆ ತೇಲುತ್ತವೆ, ಚಿನ್ನ ತಳಕ್ಕೆ ಇಳಿಯುತ್ತದೆ. ಕಪ್ಪು ಮರಳನ್ನು ಮೊದಲೇ ಚೆನ್ನಾಗಿ ಜಾಲಿಸಿ ಕಡಿಮೆ ಮಾಡಿರಬೇಕು, ಅದೊಂದೇ ಷರತ್ತು.

ಈಗ ದುಡ್ಡಿನ ಲೆಕ್ಕ. ಐದು ಪವನ್ ಎಂದರೆ 40 ಗ್ರಾಂ. 22 ಕ್ಯಾರೆಟ್‌ನಲ್ಲಿ ಅದರೊಳಗಿನ ಅಪರಂಜಿ 36.7 ಗ್ರಾಂ. ಡಾಲರಿಗೆ 85 ರೂಪಾಯಿ ಹಿಡಿದರೆ ಸಾಮಾನ್ಯ ಮುದ್ರೆಗೆ ಪ್ರೀಮಿಯಂ ಸುಮಾರು 12,500 ರೂಪಾಯಿ, ಇಕಲಾಜಿಕಲ್‌ಗೆ 18,700. ಇದೇ ಬಗೆಯ ಇನ್ನೊಂದು ಮುದ್ರೆಯಾದ ಫೇರ್‌ಟ್ರೇಡ್‌ನ ಚಿನ್ನವೂ ಇದೆ, ಅದರ ಪ್ರೀಮಿಯಂ ಕಿಲೋಗೆ 2,000 ಡಾಲರ್, ಅಂದರೆ 6,200 ರೂಪಾಯಿ. ಗ್ರಾಮಿಗೆ 10,000 ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಒಡವೆಯ ಚಿನ್ನವೇ 4 ಲಕ್ಷ, ನೂರಕ್ಕೆ 15ರಂತೆ ಮಜೂರಿ 60,000. ಮಜೂರಿ, ತೇಮಾನಿನ ಚೌಕಾಸಿಯಲ್ಲಿ ಏರಿಳಿಯುವ ಮೊತ್ತಕ್ಕಿಂತ ಗಣಿಯವರ ಪಾಲು ಚಿಕ್ಕದು. ಸರಬರಾಜುದಾರರ ಕಮಿಷನ್, ಸಾಗಣೆ ಇದರ ಮೇಲೆ ಸೇರುತ್ತವೆ. ಆದ್ದರಿಂದ ಬಿಲ್ಲಿನಲ್ಲಿ ಪ್ರೀಮಿಯಂ ಎಷ್ಟು, ಉಳಿದದ್ದು ಎಷ್ಟು ಎಂದು ಬೇರೆ ಬೇರೆ ಬರೆಸಿ.

ತರಿಸುವುದೇ ಕಷ್ಟ, ಇಲ್ಲೇ ಈ ಮಾಲು ಅಂಕ ಕಳೆದುಕೊಳ್ಳುವುದು. ಚಿನ್ನದ ಕಾಳನ್ನು ಕೊರಿಯರ್‌ನಲ್ಲಿ ಮನೆಗೆ ತರಿಸಿಕೊಳ್ಳುವಂತಿಲ್ಲ, ಆಮದು ಸರ್ಕಾರ ಗೊತ್ತುಪಡಿಸಿದ ಏಜೆನ್ಸಿಗಳ ಮೂಲಕವೇ ಆಗಬೇಕು. ಸಣ್ಣ ಅಂಗಡಿಗೆ 50 ಗ್ರಾಂಗಾಗಿ ಆ ದಾರಿ ಗಿಟ್ಟುವುದಿಲ್ಲ. ಮನೆಯವರು ಹೊರದೇಶದಲ್ಲಿದ್ದು, ಅಲ್ಲಿಯ ಪರವಾನಗಿ ಪಡೆದ ಮಳಿಗೆಯಲ್ಲಿ ಒಡವೆಯಾಗಿಯೇ ಕೊಳ್ಳುವುದು ಒಂದು ಉಪಾಯ. ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವ ಮಹಿಳೆಗೆ 40 ಗ್ರಾಂ, ಪುರುಷನಿಗೆ 20 ಗ್ರಾಂ ತನಕ ಸುಂಕ ವಿನಾಯಿತಿ ಇದೆ. ಅದು ಒಡವೆಗೆ ಮಾತ್ರ, ಕಾಳಿಗೂ ಬಿಸ್ಕತ್ತಿಗೂ ಅಲ್ಲ. ಹೊರಡುವ ಮೊದಲು ಆಗಿನ ನಿಯಮ ನೋಡಿಕೊಳ್ಳಿ. ಆದರೆ ಹೊರದೇಶದ ಮಳಿಗೆಯಲ್ಲಿ ಕೊಕ್ಕೆತಾತಿ ಮಾಡುವ ಕೈ ಎಲ್ಲಿಂದ ಬರಬೇಕು? ಸರಳ ಬಳೆ, ಸರ ಕೊಳ್ಳಬಹುದು, ಅಷ್ಟೆ.

ಚಿನ್ನ ಹೇಗೋ ಕೈಗೆ ಬಂತು ಎನ್ನಿ. ಅಕ್ಕಸಾಲಿಯ ಮನೆಯಲ್ಲಿ ಕಾಗದಕ್ಕೆ ಬೆಲೆ ಉಳಿಯಬೇಕಾದರೆ ಮೂಸೆ ಹೊಸದಿರಬೇಕು. ಹಳೆ ಮೂಸೆಯ ಗೋಡೆಗೆ ಬೇರೆಯವರ ಚಿನ್ನದ ಮಣಿಗಳು ಅಂಟಿರುತ್ತವೆ. ಹಳೆ ಬೆಸುಗೆಯ ಸೀಸದ ಚೂರು ಒಂದಿದ್ದರೂ ಹಾಳೆ ತಟ್ಟುವಾಗ ಅಂಚು ಸೀಳಿಬಿಡುತ್ತದೆ. ಹಾಳೆ ಕತ್ತರಿಸಿ ತಂತಿ ಎಳೆಯುವಾಗ ತುಂಡು ಉಳಿಯುವುದರಿಂದ 40 ಗ್ರಾಂ ಒಡವೆಗೆ 44 ಗ್ರಾಂ ಎರಕ ಹೊಯ್ಯಬೇಕು: 40.4 ಗ್ರಾಂ ಅಪರಂಜಿ, 3.6 ಗ್ರಾಂ ಬೆರಕೆ. ಬೆರಕೆಯಲ್ಲಿ ತಾಮ್ರ ಬೆಳ್ಳಿಗಿಂತ ಹೆಚ್ಚಿದ್ದರೆ ಹಳೆಯ ಕೊಡವ ಒಡವೆಗಳ ಕೆಂಪು ಛಾಯೆ ಬರುತ್ತದೆ. ತಾಮ್ರವನ್ನು ಅಪರಂಜಿ ಪೂರ್ತಿ ಕರಗಿದ ಮೇಲೆ, ಬಿಳಿಗಾರದ ಪೊರೆಯ ಕೆಳಗೆ ಹಾಕಬೇಕು. ಮೊದಲೇ ಹಾಕಿದರೆ ಸುಟ್ಟು ಕರಿ ಹಿಡಿದು ಚಿನ್ನ ಗಡುಸಾಗುತ್ತದೆ. ಉಳಿದ ತುಂಡು, ಅರದ ಪುಡಿ ಎಲ್ಲವನ್ನೂ ಬೇರೆ ಪೊಟ್ಟಣದಲ್ಲಿ ತೂಗಿ ವಾಪಸ್ ಪಡೆಯಿರಿ. ಬೆಸುಗೆಯ ಪುಡಿಯನ್ನೂ ಇದೇ ಚಿನ್ನದಿಂದ ಮಾಡಿಸಿ, ಕ್ಯಾಡ್ಮಿಯಂ ಬೆರೆಸಿದ ಕೆಡಿಎಂ ಬೆಸುಗೆ ಮಾತ್ರ ಖಂಡಿತ ಬೇಡ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಬೆಸುಗೆ ಹಾಕುವವನ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಪೆರುವಿನ ಗಣಿಗಾರನ ಉಸಿರು ಉಳಿಸಲು ದುಡ್ಡು ಕೊಟ್ಟು ವಿರಾಜಪೇಟೆಯ ಅಕ್ಕಸಾಲಿಯ ಉಸಿರು ಸುಡುವುದು ಯಾವ ನ್ಯಾಯ?

ಹಾಲ್‌ಮಾರ್ಕ್ ಬಗ್ಗೆ ಒಂದು ಮಾತು. ಒಡವೆಯ ಮೇಲೆ ಕೆತ್ತಿರುವ ಆರು ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆ ತಿಳಿಯುತ್ತದೆ, ಚಿನ್ನ ಹುಟ್ಟಿದ ಗಣಿ ತಿಳಿಯುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಾಗದ ಬೇಕು. ಫೇರ್‌ಮೈನ್ಡ್‌ನಲ್ಲೇ ಎರಡು ಬಗೆ ಇದೆ: ಮೊದಲಿಂದ ಕೊನೆತನಕ ಪ್ರತ್ಯೇಕವಾಗಿ ಇಟ್ಟ ಚಿನ್ನ, ಮತ್ತು ಬೇರೆಯದರೊಂದಿಗೆ ಬೆರೆಸಿ ಪುಸ್ತಕದಲ್ಲಿ ಮಾತ್ರ ಲೆಕ್ಕ ಸರಿದೂಗಿಸಿದ ಚಿನ್ನ. ಕೊಳ್ಳುವ ಮೊದಲೇ ಯಾವುದೆಂದು ಬರಹದಲ್ಲಿ ತೆಗೆದುಕೊಳ್ಳಿ.

ಇದೆಲ್ಲ ಆಗದ ಮಾತು ಎನ್ನುವವರಿಗೆ ಮನೆಯ ಹಳೆ ಚಿನ್ನ ಇದೆ. ಅದರಿಂದ ಹೊಸ ಗುಂಡಿ ತೋಡಿದಂತಾಗುವುದಿಲ್ಲ, ಆದರೆ ಸಣ್ಣ ಗಣಿಗಾರನಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಮರುಬಳಕೆಯ ಚಿನ್ನಕ್ಕಿಂತ ನಿಮ್ಮ ಮನೆಯದೇ ವಾಸಿ, ಯಾಕೆಂದರೆ ಗಣಿಯಿಂದ ಬಂದದ್ದನ್ನೇ ಒರಟು ಒಡವೆಯಾಗಿ ಎರಕ ಹೊಯ್ದು ಹಳೆಯದೆಂದು ಮಾರುವುದೂ ಉಂಟು. ಚಿನ್ನದ ಮಣಿಸರವಾದ ಜೋಮಾಲೆ ಕರಗಿಸುವಾಗ ಎಚ್ಚರ ಬೇಕು. ಅದರ ಮಣಿಗಳೊಳಗೆ ಅರಗು ಇರುತ್ತದೆ. ಅರಗು ಸುಟ್ಟು ತೆಗೆದ ಮೇಲೆ ನಿಮ್ಮೆದುರೇ ತೂಗಿಸಿ, ಆ ತೂಕದ ಮೇಲೆಯೇ ಲೆಕ್ಕ ಮಾಡಿಸಿ. ಮೊದಲ ತೂಕವನ್ನು ಮನಸ್ಸಿನಲ್ಲಿಟ್ಟುಕೊಂಡು ಅಕ್ಕಸಾಲಿಯ ಮೇಲೆ ಅನುಮಾನ ಪಡುವವರು ಎಷ್ಟೋ ಜನ.

ಇನ್ನು ಕೆಂಪು ಕಲ್ಲುಗಳು. ಚಿನ್ನಕ್ಕೆ ಇಷ್ಟೆಲ್ಲ ಕಾಗದ ಕೇಳಿ, ಕೊಕ್ಕೆತಾತಿಯ ಹರಳಿಗೆ ಏನೂ ಕೇಳದಿದ್ದರೆ ಕೆಲಸ ಅರ್ಧವೇ ಆಯಿತು. ಕೊಡಗು, ಸುಳ್ಯದ ಗಡಿ ಕಾಡುಗಳಲ್ಲಿ ಹರಳು ಕಲ್ಲಿಗಾಗಿ ಕದ್ದು ಅಗೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲಿಯದೆಂದು ಹೇಳಲಾಗದ ಹೊಸ ಕಲ್ಲಿಗಿಂತ ಅಜ್ಜಿಯ ಕೊಕ್ಕೆತಾತಿಯ ಕಲ್ಲನ್ನೇ ಮತ್ತೆ ಕೂರಿಸಿ. ಬಿಡಿಸುವ ಮೊದಲು ಫೋಟೋ ತೆಗೆದು, ಕಲ್ಲು ಎಣಿಸಿ ಬರೆದಿಡಿ. ಕಲ್ಲು ಬಿಸಿ ಇರುವಾಗ ನೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ಅಂಚಿನ ಮುತ್ತುಗಳನ್ನು ದಾರ ಕತ್ತರಿಸಿ ಬೇರೆ ಇಟ್ಟ ಮೇಲೆಯೇ ಒಡವೆ ಆ್ಯಸಿಡ್‌ಗೆ ಹೋಗಬೇಕು. ಒಂದು ಮುತ್ತು ಅಲ್ಲಿ ಉಳಿದರೂ ಅದರ ಹೊಳಪು ಮತ್ತೆ ಬರುವುದಿಲ್ಲ.