ವಸಂತದ ಆಲ್ಪ್ಸ್ ನಡಿಗೆ: ಲೌಟರ್‌ಬ್ರುನೆನ್ ಮತ್ತು ಮೆರಾನೊ

ಏಪ್ರಿಲ್, ಮೇ ತಿಂಗಳಲ್ಲಿ ಆಲ್ಪ್ಸ್‌ನಲ್ಲಿ ನಡೆಯಲು ಹೊರಟವರು ಊರಿನ ಹೆಸರಿಗಿಂತ ಮೊದಲು ಅದರ ಎತ್ತರ ನೋಡಬೇಕು. ಮೇಲಿನ ದಾರಿಗಳಲ್ಲಿ ಆಗ ಇನ್ನೂ ಹಿಮವಿರುತ್ತದೆ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಇಟಲಿಯ ದಕ್ಷಿಣ ಟಿರೋಲ್‌ನ ಮೆರಾನೊ ಸುಮಾರು 325 ಮೀಟರಿನಲ್ಲಿ. ಎರಡೂ ಕಡೆ ವಸಂತದಲ್ಲೇ ನಡೆದು ನೋಡಿದ್ದೇನೆ. ನನ್ನ ಮತ ಮೆರಾನೊಗೆ.

ಲೌಟರ್‌ಬ್ರುನೆನ್ ಚೆಲುವಿನ ಬಗ್ಗೆ ತಕರಾರಿಲ್ಲ. ಹಿಮ ಕರಗುವ ಕಾಲವಾದ್ದರಿಂದ ಸುಮಾರು 300 ಮೀಟರ್ ಎತ್ತರದ ಸ್ಟೌಬಾಖ್ ಜಲಪಾತ ಮೈದುಂಬಿ ಧುಮುಕುತ್ತಿರುತ್ತದೆ. ಟ್ರುಮ್ಮೆಲ್‌ಬಾಖ್‌ನಲ್ಲಿ ಐಗರ್, ಮೋಂಖ್, ಯುಂಗ್‌ಫ್ರೌ ಶಿಖರಗಳ ಹಿಮನದಿಯ ನೀರು ಬೆಟ್ಟದ ಹೊಟ್ಟೆಯೊಳಗೇ ಭೋರ್ಗರೆದು ಇಳಿಯುತ್ತದೆ. ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆದರೆ ನಡಿಗೆ? ಕಣಿವೆಯ ತಳದಲ್ಲಿ ಸ್ಟೆಖೆಲ್‌ಬೆರ್ಗ್ ಕಡೆಗಿನ ಸಮತಟ್ಟಾದ ದಾರಿ ಅರ್ಧ ದಿನಕ್ಕೇ ಮುಗಿದುಹೋಗುತ್ತದೆ. ಮೇಲಕ್ಕೆ ಹೋಗೋಣವೆಂದರೆ, ಚಳಿಗಾಲಕ್ಕೂ ಬೇಸಿಗೆಗೂ ನಡುವಿನ ಈ ಸಂದಿಯಲ್ಲೇ ಹಲವು ಕೇಬಲ್ ಕಾರುಗಳನ್ನು ದುರಸ್ತಿಗೆಂದು ನಿಲ್ಲಿಸಿರುತ್ತಾರೆ. ಐಗರ್ ಗೋಡೆಯ ಬುಡದ ಪ್ರಸಿದ್ಧ ದಾರಿ ಸಾಮಾನ್ಯವಾಗಿ ಜೂನ್‌ಗೆ ಮೊದಲು ತೆರೆಯುವುದೇ ಇಲ್ಲ.

ಮೆರಾನೊ ಸುತ್ತಮುತ್ತ ಬೆಟ್ಟದ ಪಕ್ಕೆಯುದ್ದಕ್ಕೂ ಹಳೆಯ ನೀರಾವರಿ ಕಾಲುವೆಗಳಿವೆ, ಅವುಗಳ ದಂಡೆಯೇ ಕಾಲುದಾರಿ. 18ನೇ ಶತಮಾನದ ಮಾರ್ಲಿಂಗ್ ಕಾಲುವೆಯ ದಾರಿ ಟೋಲ್‌ನಿಂದ ಲಾನಾವರೆಗೆ ಸುಮಾರು 12 ಕಿಲೋಮೀಟರ್. ಏರಿಳಿತ ಅತ್ಯಲ್ಪ, ಮಂಡಿನೋವಿನವರೂ ಧೈರ್ಯವಾಗಿ ಹೋಗಬಹುದು. ಒಂದು ಬದಿಯಲ್ಲಿ ಸಣ್ಣಗೆ ಹರಿಯುವ ನೀರು, ಇನ್ನೊಂದು ಬದಿಯಲ್ಲಿ ಸೇಬಿನ ತೋಟ. ಹೂವು ಬೇಕಿದ್ದರೆ ಏಪ್ರಿಲ್‌ನಲ್ಲೇ ಹೋಗಬೇಕು. ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿದರೆ ರೈತರು ಹೂಗಳ ಮೇಲೆ ತುಂತುರು ನೀರು ಬಿಡುತ್ತಾರೆ. ಆ ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಹೂವನ್ನು ಕಾಯುತ್ತದೆ. ಬೆಳಗಿನ ಜಾವ ನೋಡಿದರೆ ಒಂದೊಂದು ಗೊಂಚಲೂ ಗಾಜಿನ ಭರಣಿಯಲ್ಲಿಟ್ಟ ಹಾಗಿರುತ್ತದೆ. ಕಾಲುವೆಯಲ್ಲಿ ಕೆಲವು ಕಡೆ ನೀರಿನ ಚಕ್ರ ತಿರುಗಿದಂತೆಲ್ಲ ಸುತ್ತಿಗೆಯೊಂದು ಗಂಟೆ ಬಡಿಯುತ್ತದೆ. ಸದ್ದು ನಿಂತಿತೆಂದರೆ ಎಲ್ಲೋ ಕಸ ಕಟ್ಟಿಕೊಂಡು ಹರಿವು ನಿಂತಿದೆ ಎಂದು ನೀರುಗಂಟಿಗೆ ಗೊತ್ತಾಗುತ್ತಿತ್ತು.

ಊಟದಲ್ಲೂ ಮೆರಾನೊ ಮುಂದು. ಬ್ರೆಡ್ಡಿಗೆ ಪಾಲಕ್ ಕಲಸಿ ಬೇಯಿಸಿದ ಕ್ನೋಡೆಲ್ ಉಂಡೆಯ ಮೇಲೆ ಕರಗಿದ ಬೆಣ್ಣೆ ಸುರಿದು ಕೊಡುತ್ತಾರೆ. ಮೊಟ್ಟೆ ಹಾಕಿರುತ್ತಾರೆ, ಬೇಡದವರು ಗಮನಿಸಿ. ಇನ್ನು ಕೆಲವು ಬಗೆಯ ಉಂಡೆಗಳಲ್ಲಿ ಹಂದಿಮಾಂಸವೂ ಇರುವುದರಿಂದ ಕೇಳಿಯೇ ತರಿಸಿಕೊಳ್ಳಬೇಕು. ಖರ್ಚಿನ ಹೋಲಿಕೆಯಂತೂ ಬೇಡವೇ ಬೇಡ. ಸ್ವಿಸ್ ಕಣಿವೆಯಲ್ಲಿ ಪ್ರತಿ ರೈಲು ಟಿಕೆಟಿಗೂ ಎದೆ ಝಲ್ಲೆನ್ನುತ್ತದೆ. ಇಲ್ಲಿ ಹಲವು ವಸತಿಗೃಹಗಳು ಕೊಡುವ ಅತಿಥಿ ಕಾರ್ಡಿನಲ್ಲೇ ಬಸ್ಸು, ಪ್ರಾದೇಶಿಕ ರೈಲಿನ ಓಡಾಟ ಸೇರಿರುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಈ ಎರಡು ದೇಶಗಳಿಗೂ ಒಂದೇ.

ಮೆರಾನೊದಲ್ಲಿ ಹಿಮಶಿಖರಗಳು ತುಸು ದೂರದಲ್ಲೇ ಉಳಿಯುತ್ತವೆ, ಈಸ್ಟರ್ ರಜೆಯಲ್ಲಿ ಜನವೂ ಹೆಚ್ಚು. ಶಿಖರ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕೆನ್ನುವವರು ರಜೆಯನ್ನು ಜೂನ್ ಕೊನೆಗೆ ದೂಡಿ ಲೌಟರ್‌ಬ್ರುನೆನ್‌ಗೇ ಹೋಗಲಿ. ಆ ಹೊತ್ತಿಗೆ ಮೆರಾನೊದಲ್ಲಿ ಸೆಕೆ ಶುರುವಾಗಿರುತ್ತದೆ.